ಭಾನುವಾರ ವಕೀಲರ ಜೊತೆ ಮಾತುಕತೆ: ಹಿರಿಯರು ತಪ್ಪದೇ ಬನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 10:30ಕ್ಕೆ ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ವಕೀಲರೊಬ್ಬರು ಬರುತ್ತಿದ್ದಾರೆ. ಹಿರಿಯರ ಕೇಸುಗಳು, ಮನೆಯೊಳಗಿನ ಆಸ್ತಿ ಜಗಳಗಳ ರಾಜಿ, ಇದೇ ಅವರ ಕೆಲಸ. ಕೋರ್ಟಿಗೆ ಹೋಗುವ ಮೊದಲು ಮಕ್ಕಳನ್ನೂ ಕೂರಿಸಿ ಮಾತಾಡಿಸುತ್ತಾರೆ. ಅದಕ್ಕೇ ಇವರನ್ನು ಕರೆದಿದ್ದೇವೆ.

60 ದಾಟಿದವರು, ಅದರಲ್ಲೂ ಮಕ್ಕಳ ಹೆಸರಿಗೆ ಮನೆ, ಸೈಟು ದಾನಪತ್ರ ಮಾಡಿಸಬೇಕು ಅಂತಿರುವವರು ಖಂಡಿತ ಬನ್ನಿ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅಡಿ ರದ್ದು ಮಾಡಿಸಬಹುದು. ಆದರೆ ಆ ಷರತ್ತು ಪತ್ರದಲ್ಲೇ ಬರೆದಿರಲಿ. "ನನ್ನ ಮಗ ಹಾಗಲ್ಲ" ಅಂತ ಸುಮ್ನೆ ಬಿಡಬೇಡಿ. ಒಂದು ಸಾಲು ಬರೆಸಿದರೆ ಯಾರಿಗೂ ಅವಮಾನ ಆಗುವುದಿಲ್ಲ, ಅಲ್ವಾ? ಜೀವನಾಂಶದ ಅರ್ಜಿ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ಹೇಗೆ ಕೊಡುವುದು ಅಂತಲೂ ಹೇಳಿಕೊಡುತ್ತಾರೆ.

ಪತ್ರಗಳ ಜೆರಾಕ್ಸ್ ಮಾತ್ರ ತನ್ನಿ, ಒರಿಜಿನಲ್ ಬೇಡ. ಮನೆಯ ವಿಷಯ ಗುಂಪಿನಲ್ಲಿ ಬರೆಯಬೇಡಿ, ನನಗೆ ಪ್ರತ್ಯೇಕವಾಗಿ ಕಳಿಸಿ. ಯಾರಿಗಾದರೂ ಈಗಲೇ ತೊಂದರೆ ಇದ್ದರೆ ಭಾನುವಾರದವರೆಗೆ ಕಾಯಬೇಡಿ, 14567 ಹಿರಿಯರ ಸಹಾಯವಾಣಿಗೆ ಫೋನ್ ಮಾಡಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿ ಹೆಸರು ಹಾಕಿ. ನಡೆಯಲು ಕಷ್ಟ ಇರುವವರು ತಿಳಿಸಿ, ಕರೆತರಲು ಹುಡುಗರು ಇದ್ದಾರೆ.