ಗೋವಾ ಪ್ರವಾಸ ಕಡಲ ತೀರದಲ್ಲೇ ಮುಗಿಯದಿರಲಿ

ಮಾನ್ಯ ಸಂಪಾದಕರೇ,

ದಸರೆ, ಕ್ರಿಸ್‌ಮಸ್ ರಜೆಗಳು ಬಂತೆಂದರೆ ಉತ್ತರ ಕರ್ನಾಟಕದಿಂದ ಅನಮೋಡ್ ಮತ್ತು ಚೋರ್ಲಾ ಘಾಟಿಗಳನ್ನು ಇಳಿದು ಗೋವಾಕ್ಕೆ ಹೋಗುವ ಕುಟುಂಬಗಳಿಗೆ ಲೆಕ್ಕವಿಲ್ಲ. ಕಲಂಗುಟ್ ಅಥವಾ ಬಾಗಾ ಕಡಲ ತೀರ, ಮಾಂಡವಿ ನದಿಯಲ್ಲಿ ಸಂಜೆಯ ದೋಣಿ ವಿಹಾರ, ರಾತ್ರಿ ನಮ್ಮೂರಿನಲ್ಲೂ ಸಿಗುವ ತಂದೂರಿ ರೊಟ್ಟಿ ಮತ್ತು ಪನೀರ್ ಮಸಾಲೆ, ಇಷ್ಟಕ್ಕೇ ಬಹುತೇಕರ ಪ್ರವಾಸ ಮುಗಿಯುತ್ತದೆ. ನಮ್ಮ ಶಾಲೆಗಳ ಶೈಕ್ಷಣಿಕ ಪ್ರವಾಸಗಳೂ ಇದೇ ಜಾಡಿನಲ್ಲಿ ಸಾಗುತ್ತವೆ. ಕಳೆದ ರಜೆಯನ್ನು ಮನೆಮಂದಿಯೊಡನೆ ಗೋವಾದ ಒಳನಾಡಿನಲ್ಲಿ ಕಳೆದು ಬಂದ ಮೇಲೆ, ಈ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಗಮನ ಸೆಳೆಯಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಗೋವಾವನ್ನು ವಶಪಡಿಸಿಕೊಂಡದ್ದು ಬಿಜಾಪುರದ ಆದಿಲಶಾಹಿಗಳ ಕೈಯಿಂದ. ಅಂದು ಕಾಲೂರಿದ ಪೋರ್ಚುಗೀಸರು ಅಲ್ಲಿಂದ ಕದಲಿದ್ದು 1961ರ ಡಿಸೆಂಬರ್ 19ರಂದು. ಹಳೆ ಗೋವಾದ ಸೇಂಟ್ ಕೆಜೆಟಾನ್ ಚರ್ಚಿನ ಬಳಿ ಆದಿಲಶಾಹಿ ಅರಮನೆಯ ಕಪ್ಪು ಕಲ್ಲಿನ ದ್ವಾರವೊಂದು ಇಂದಿಗೂ ಒಂಟಿಯಾಗಿ ನಿಂತಿದೆ. ನಾವು ಅಲ್ಲಿದ್ದಷ್ಟು ಹೊತ್ತೂ ಯಾರೊಬ್ಬರೂ ಅದರತ್ತ ಸುಳಿಯಲಿಲ್ಲ. ಗೋಳಗುಮ್ಮಟವನ್ನು ನಮ್ಮದೆಂದು ಹೆಮ್ಮೆಪಡುವ ನಾವು ಈ ದ್ವಾರದ ಮುಂದೆ ಹತ್ತು ನಿಮಿಷ ನಿಲ್ಲಲೇಬೇಕು. ಅಲ್ಲಿಂದ ಸ್ವಲ್ಪ ದೂರದಲ್ಲಿ 1605ರಲ್ಲಿ ಪೂರ್ಣಗೊಂಡ ಬಾಮ್ ಜೀಸಸ್ ಬೆಸಿಲಿಕಾ ಇದೆ. ಗಾರೆ ತೆಗೆದ ಅದರ ಹೊರಗೋಡೆಯ ಕೆಂಪು ಜಂಬಿಟ್ಟಿಗೆ ಸಂಜೆಯ ಬಿಸಿಲಿಗೆ ಬಣ್ಣ ಬದಲಿಸುವುದನ್ನು ನೋಡುತ್ತ ಕುಳಿತರೆ ಏಳಲು ಮನಸ್ಸು ಬರುವುದಿಲ್ಲ. ಹಳೆ ಗೋವಾದ ಚರ್ಚುಗಳು 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿವೆ.

ಈ ಚರ್ಚುಗಳ ವೈಭವದ ಜೊತೆಗೇ ನೆನೆಯಬೇಕಾದ ಸಂಕಟದ ಅಧ್ಯಾಯವೂ ಒಂದಿದೆ. ಹದಿನಾರನೆಯ ಶತಮಾನದಲ್ಲಿ ದೇವಾಲಯಗಳು ನಾಶವಾದಾಗ ಭಕ್ತರು ಮಂಗೇಶಿ, ಶಾಂತಾದುರ್ಗೆ, ಮಹಾಲಸೆಯರ ಮೂರ್ತಿಗಳನ್ನು ನದಿ ದಾಟಿಸಿ, ಆಗಿನ್ನೂ ಪೋರ್ಚುಗೀಸರ ಆಳ್ವಿಕೆಗೆ ಒಳಪಡದಿದ್ದ ಫೋಂಡಾ ಸೀಮೆಗೆ ಒಯ್ದರು. ಕಾರವಾರ, ಕುಮಟಾ, ಮಂಗಳೂರು ಕಡೆಯ ಅನೇಕ ಸಾರಸ್ವತ ಮನೆತನಗಳ ಕುಲದೇವತೆಗಳು ಇಂದಿಗೂ ಅಲ್ಲೇ ಇವೆ. ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಹೆಚ್ಚಿನವರ ಹಿರಿಯರು ಬಂದದ್ದೂ ಗೋವಾದಿಂದಲೇ. ಹೀಗಿರುವಾಗ ಗೋವಾವನ್ನು ಬರಿಯ ಮೋಜಿನ ತಾಣವೆಂದು ಕಾಣುವುದು ನಮ್ಮದೇ ಜನರ ಚರಿತ್ರೆಗೆ ಬೆನ್ನು ಹಾಕಿದಂತೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ಊಟದ ವಿಷಯ. ನಾವು ಉಳಿದುಕೊಂಡಿದ್ದ ಊರಿನಲ್ಲಿ ಬೆಳಿಗ್ಗೆ ಸೈಕಲ್ಲಿನ ಹಾರ್ನ್ ಕೇಳಿಸಿದೊಡನೆ ಮನೆಮನೆಯವರೂ ಚೀಲ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಪೊದೇರ್ ಎಂದು ಕರೆಯುವ ರೊಟ್ಟಿಯವನ ಬುಟ್ಟಿಯಲ್ಲಿ ಬಗೆಬಗೆಯ ರೊಟ್ಟಿಗಳಿದ್ದರೂ ನನಗೆ ಹಿಡಿಸಿದ್ದು ಪೊಯಿ. ಮೈಮೇಲೆ ಗೋಧಿ ತೌಡು ಅಂಟಿಕೊಂಡ, ಒಳಗೆ ಟೊಳ್ಳಾಗಿ ಉಬ್ಬಿದ ಈ ರೊಟ್ಟಿ ಕಟ್ಟಿಗೆಯ ಒಲೆಯ ಹೊಗೆವಾಸನೆಯನ್ನು ಹೊತ್ತು ಬಂದಿರುತ್ತದೆ. ಹಿಂದೆ ಇದರ ಹಿಟ್ಟನ್ನು ತೆಂಗಿನ ಶೇಂದಿಯಿಂದ ಹುದುಗಿಸುತ್ತಿದ್ದರು. ಈಗ ಹೆಚ್ಚಿನ ಕಡೆ ಯೀಸ್ಟ್ ಬಂದಿದೆ. ನಾವು ನೋಡಲು ಹೋದ ಭಟ್ಟಿಯಲ್ಲಿ ಹಿಟ್ಟು ನಾದುತ್ತಿದ್ದ ಹುಡುಗರು ಬಾಗಲಕೋಟೆ ಕಡೆಯವರು. ನಮ್ಮ ಕನ್ನಡ ಕೇಳಿ ಅವರ ಮುಖ ಅರಳಿತು.

ಮೆಣಸಿನಕಾಯಿ, ಗೇರು, ಅನಾನಸ್, ಪಪ್ಪಾಯಿಗಳನ್ನು ಅಮೆರಿಕ ಖಂಡಗಳಿಂದ ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಆ ಮೆಣಸಿನಕಾಯಿ ಇಲ್ಲದಿದ್ದರೆ ಬ್ಯಾಡಗಿಯ ಮಾರುಕಟ್ಟೆಯೂ ಇಲ್ಲ, ಗೋವಾದ ಶಾಕುತಿ ಎಂಬ ಮಸಾಲೆ ಅಡುಗೆಯೂ ಇಲ್ಲ. ಹಸಿರು ಮಸಾಲೆಯ ಕೋಳಿ ಕಾಫ್ರಿಯಾಲ್ ಪೋರ್ಚುಗೀಸರ ಆಫ್ರಿಕಾದ ವಸಾಹತುಗಳಿಂದ ಬಂದ ಅಡುಗೆ. ಮಾಂಸ ತಿನ್ನದವರು ಹಿಂಜರಿಯಬೇಕಿಲ್ಲ. ಗೋವಾದ ಹಿಂದೂ ಮನೆಗಳ ಖತಖತೆಯಲ್ಲಿ ಹಲವು ತರಕಾರಿ, ತೆಂಗಿನಕಾಯಿ ಮತ್ತು ಉತ್ತರ ಕನ್ನಡದವರಿಗೆ ಚಿರಪರಿಚಿತವಾದ ಜುಮ್ಮನಕಾಯಿಯ ಘಮವಿರುತ್ತದೆ. ಅಲಸಂದೆಯ ತೋಣಕಕ್ಕೆ ಪೊಯಿ ಅದ್ದಿಕೊಂಡು ತಿಂದು, ಮೇಲೆ ಮುರುಗಲಿನ ಸೋಲ್‌ಕಡಿ ಕುಡಿದರೆ ಹೊಟ್ಟೆ ತಂಪಾಗುತ್ತದೆ. ಬೆಬಿಂಕಾ ಎಂಬ ಸಿಹಿಯನ್ನಂತೂ ತಪ್ಪಿಸಬಾರದು. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ ಕಲಸಿದ ಹಿಟ್ಟನ್ನು ಒಂದು ಸೌಟು ಹೊಯ್ದು, ಮೇಲಿನಿಂದ ಕೆಂಡದ ಶಾಖ ಕೊಟ್ಟು, ಅದು ಕಂದುಬಣ್ಣಕ್ಕೆ ತಿರುಗಿದ ಮೇಲೆ ತುಪ್ಪ ಸವರಿ ಮತ್ತೊಂದು ಸೌಟು ಹೊಯ್ಯುತ್ತಾರೆ. ಹೀಗೆ ಪದರದ ಮೇಲೆ ಪದರ ಬೇಯಲು ಗಂಟೆಗಟ್ಟಲೆ ಹಿಡಿಯುತ್ತದೆ.

ಪಣಜಿಯ ಫೊಂತೇನ್ಯಾಸ್ ಬಡಾವಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳದಿ, ನೀಲಿ ಗೋಡೆಯ ಆ ಹಳೆಯ ಮನೆಗಳಲ್ಲಿ ಜನ ವಾಸಿಸುತ್ತಿದ್ದಾರೆ. ಫೋಟೊಕ್ಕಾಗಿ ಅವರ ಮೆಟ್ಟಿಲೇರಿ ಕುಳಿತುಕೊಳ್ಳುವುದು, ಕಿಟಕಿಗೆ ಒರಗುವುದು, ನಡುಬೀದಿಯಲ್ಲಿ ಗದ್ದಲ ಮಾಡುವುದು ಸಭ್ಯತೆಯಲ್ಲ. ಬೇಸತ್ತ ನಿವಾಸಿಗಳು ಫೋಟೊ ತೆಗೆಯಬೇಡಿರೆಂದು ಫಲಕ ಹಾಕಿಕೊಂಡಿದ್ದಾರೆ. ಅಂಥ ಫಲಕದ ಪಕ್ಕದಲ್ಲೇ ನಮ್ಮ ರಾಜ್ಯದ ಯುವಕರು ಮೊಬೈಲ್ ಹಿಡಿದು ನಿಂತಿದ್ದನ್ನು ಕಂಡು ತುಂಬ ನೋವಾಯಿತು.

ನಮ್ಮ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ಹಾಗೂ ಪ್ರವಾಸ ಏರ್ಪಡಿಸುವವರಲ್ಲಿ ನನ್ನ ವಿನಂತಿ ಇಷ್ಟೆ. ಅನಮೋಡ್ ಘಾಟಿ ಇಳಿದು ಮೊಲ್ಲೆಂ ತಲುಪಿದ ಬಸ್ಸು ಸ್ವಲ್ಪ ಒಳಗೆ ತಿರುಗಿದರೆ ಕದಂಬರ ಕಾಲದ ತಾಂಬಡಿ ಸುರ್ಲದ ಮಹಾದೇವ ದೇವಾಲಯ ಸಿಗುತ್ತದೆ. ಮರಳಿ ಹೆದ್ದಾರಿಗೆ ಬಂದರೆ ಫೋಂಡಾದ ದೇವಾಲಯಗಳು, ಅನಂತರ ಹಳೆ ಗೋವಾ, ಕೊನೆಗೆ ಪಣಜಿ. ಎಲ್ಲವೂ ನಾವು ಈಗಾಗಲೇ ಸಾಗುವ ದಾರಿಯಲ್ಲೇ ಇವೆ. ಬರುವ ಡಿಸೆಂಬರಿನ ಶೈಕ್ಷಣಿಕ ಪ್ರವಾಸಗಳ ಪಟ್ಟಿ ಸಿದ್ಧವಾಗುವ ಮೊದಲೇ ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈ ದಾರಿಯ ಪರಿಚಯ ಪ್ರಕಟವಾದರೆ ಉಪಕಾರವಾಗುತ್ತದೆ.

ಇತಿ,
ತಮ್ಮ ಓದುಗ,
ಧಾರವಾಡ