ಬೆನ್ನಿನ ಆಪರೇಷನ್ ಆದವರ ಕಡೆ ಗಮನವಿರಲಿ

ಮಾನ್ಯರೇ,

ಸೊಟ್ಟಗಾದ ಬೆನ್ನುಮೂಳೆಗೆ ಸರಳು, ಸ್ಕ್ರೂ ಹಾಕಿ ನೇರ ಮಾಡುವ ಶಸ್ತ್ರಚಿಕಿತ್ಸೆಗೆ ಕಾಸರಗೋಡಿನ ನಮಗೆ ಮಂಗಳೂರೇ ಹತ್ತಿರ. ಫಜೀತಿ ಶುರುವಾಗುವುದು ಮನೆಗೆ ಬಂದ ಮೇಲೆ. ನಮ್ಮ ದೊಡ್ಡಮ್ಮನಿಗೆ ಹೊಲಿಗೆಯ ಕೆಳತುದಿಯಲ್ಲಿ ಬ್ಯಾಂಡೇಜು ಒದ್ದೆಯಾಗುತ್ತಿತ್ತು. ಅದು ಬೆವರೋ ಕೀವೋ ಎಂದು ನೋಡಿ ಹೇಳುವವರು ಇಲ್ಲಿರಲಿಲ್ಲ. ಜ್ವರ ಏರಿದ ಮೇಲೆ ಮತ್ತೆ ಅಡ್ಮಿಟ್.

ಹೀಗೆ ಮರಳಿ ದಾಖಲಾಗಲು ಗಾಯದ ಸೋಂಕು ಸಾಮಾನ್ಯ ಕಾರಣ. ಮೀನಖಂಡ ಬಾತರೆ, ದಿಢೀರನೆ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು. ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಬೆಳಗಾಗಲೆಂದು ಕಾಯುವಂತೆಯೇ ಇಲ್ಲ. ವರ್ಷಗಳ ನಂತರ ಸರಳು ಮುರಿಯುವುದೂ ಉಂಟು. ಸಕ್ಕರೆ ಕಾಯಿಲೆ, ಸವೆದ ಎಲುಬು, ಬೀಡಿ ಚಟ ಇದ್ದವರಿಗೆ ಅಪಾಯ ಜಾಸ್ತಿ.

2020ರಲ್ಲಿ ಕೋವಿಡ್ ವೇಳೆ ಮಂಗಳೂರಿನ ದಾರಿಯಲ್ಲಿರುವ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಇಲ್ಲಿ ಯಾರೂ ಮರೆತಿಲ್ಲ. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. ಆ ಕಥೆ ಬೇರೆಯೇ ಇದೆ, ಬಿಡಿ. ಸದ್ಯಕ್ಕೆ ತಾಲೂಕು ಆಸ್ಪತ್ರೆಗಳಲ್ಲಾದರೂ ಇಂಥವರ ಗಾಯ ನೋಡುವ ವ್ಯವಸ್ಥೆಯಾಗಲಿ. ಆಪರೇಷನ್ ಮಾಡಿದ ಆಸ್ಪತ್ರೆಯವರು ಅಪಾಯದ ಲಕ್ಷಣಗಳನ್ನು ಕನ್ನಡ, ಮಲಯಾಳಂನಲ್ಲಿ ಬರೆದುಕೊಡಲಿ, ಮೊದಲ ತಿಂಗಳು ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಲಿ.

– ಓರ್ವ ಓದುಗ, ಬದಿಯಡ್ಕ