ಗೆಳೆಯನಿಗೊಂದು ಪತ್ರ: ಸಣ್ಣಜ್ಜನನ್ನು ಹುಡುಕಿಕೊಂಡು ಸಿಂಗಪುರಕ್ಕೆ

ಚಿತ್ರದುರ್ಗ

ಪ್ರಿಯ ಗೆಳೆಯಾ,

ಎರಡನೇ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಪಡೆಯಲ್ಲಿ ಸಿಂಗಪುರಕ್ಕೆ ಹೋದ ನಿನ್ನ ಸಣ್ಣಜ್ಜ ಮರಳಲಿಲ್ಲ, ಫೆಬ್ರವರಿಯಲ್ಲಿ ಮನೆಯವರೆಲ್ಲ ಹೋಗಿ ಸಮಾಧಿಗೆ ಪೂಜೆ ಮಾಡಿ ಬರುತ್ತೇವೆ ಅಂತ ಬರೆದಿದ್ದೀಯ. ಟಿಕೆಟ್ ಮಾಡಿಸುವ ಮೊದಲು ಒಂದು ಗೊತ್ತುಮಾಡಿಕೋ. ಅಲ್ಲಿರುವುದು ಸಮಾಧಿಯೋ, ಬರೀ ಹೆಸರೋ? ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಸಿಂಗಪುರದ ಕ್ರಾಂಜಿ ಯುದ್ಧ ಸ್ಮಶಾನದಲ್ಲಿ ಗುರುತು ಮೂರು ಬಗೆ. ನಾಲ್ಕು ಸಾವಿರಕ್ಕೂ ಹೆಚ್ಚು ಸಮಾಧಿಗಳಿವೆ, ಅದರಲ್ಲಿ ನೂರಾರು ಯಾರದೆಂದು ತಿಳಿಯದವು. ಸಮಾಧಿ ಸಿಗದ 24,000ಕ್ಕೂ ಹೆಚ್ಚು ಜನರ ಹೆಸರನ್ನು ಎತ್ತರದ ಕಂಬಗಳ ಮೇಲೆ ಕೆತ್ತಿದ್ದಾರೆ. ಅದರ ಹಿಂದೆಯೇ ದಹನವಾದವರಿಗೆಂದು ಬೇರೆ ಸ್ಮಾರಕವಿದೆ, ಸುಮಾರು 800 ಹೆಸರು, ಹೆಚ್ಚಿನವರು ನಮ್ಮವರೇ. ನಿಮ್ಮದು ಲಿಂಗಾಯತರ ಮನೆ, ಹೂಳುವ ಪದ್ಧತಿ. ಆದರೆ ಸೈನ್ಯದ ಪುಸ್ತಕದಲ್ಲಿ ಹಿಂದೂ ಅಂತ ಬರೆದಿದ್ದರೆ ದಹನ ಮಾಡಿರಲೂಬಹುದು. ಆ ಪಟ್ಟಿ ನೋಡದೆ ಬಿಡಬೇಡ.

ಹುಡುಕುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ, ದುಡ್ಡೇನೂ ಬೇಕಿಲ್ಲ. 1917ರಲ್ಲಿ ಶುರುವಾದ ಈ ಆಯೋಗದ ಪಟ್ಟಿಯಲ್ಲಿ ಎರಡು ಮಹಾಯುದ್ಧಗಳ ಸುಮಾರು 17 ಲಕ್ಷ ಜನರಿದ್ದಾರೆ. ನಮ್ಮವರು ಸಿಗದೇ ಇರುವುದು ಸಾಮಾನ್ಯವಾಗಿ ಇಂಗ್ಲಿಷ್ ಕಾಗುಣಿತದಿಂದ. ತಿಪ್ಪೇಸ್ವಾಮಿ ಅನ್ನೋ ಹೆಸರು ಗುಮಾಸ್ತನ ಕಿವಿಗೆ ಹೇಗೆ ಬಿತ್ತೋ ಹಾಗೆ ದಾಖಲಾಗಿರುತ್ತದೆ, ‘ಟಿಪ್ಪಸಾಮಿ’ ಅಂತಲೂ ಇರಬಹುದು. ಒಂಟಿ ಹೆಸರಿದ್ದರೆ ಮನೆಹೆಸರಿನ ಖಾನೆಯಲ್ಲಿ ಹಾಕು, ಮೊದಲ ಹೆಸರಿನ ಖಾನೆ ಖಾಲಿ ಬಿಡು. ಮೊದಲ ಮೂರ್ನಾಲ್ಕು ಅಕ್ಷರ ಸಾಕು, ಜೊತೆಗೆ ಮೈಸೂರು ಇನ್‌ಫೆಂಟ್ರಿ ಅಂತ ಪಡೆಯ ಹೆಸರು ಕೊಡು. ಊರು ಹುಡುಕುವಾಗ ಹಳೆಯ ಇಂಗ್ಲಿಷಿನ ‘ಚಿತಲ್‌ದ್ರೂಗ್’ ನೆನಪಿರಲಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಯುದ್ಧದ ಕಾಲದಲ್ಲಿ ನಿಮ್ಮ ಹಳ್ಳಿಯೂ ದುರ್ಗಕ್ಕೇ ಸೇರಿತ್ತು. ದೇಶದ ಖಾನೆಯಲ್ಲಿ ಮಾತ್ರ ಸಿಂಗಪುರ ಅಂತ ಹಾಕಬೇಡ. 1942ರ ಫೆಬ್ರವರಿ 15ಕ್ಕೆ ಶರಣಾಗತಿಯಾದ ಮೇಲೆ ಸೆರೆಸಿಕ್ಕ ಎಷ್ಟೋ ಭಾರತೀಯರನ್ನು ಜಪಾನೀಯರು ನ್ಯೂಗಿನಿ ಕಡೆಗೆ ಸಾಗಿಸಿದರು, ಅಲ್ಲಿ ಸತ್ತ ಎಷ್ಟೋ ಜನರ ಕಲ್ಲು ಅಲ್ಲೇ ಇದೆ.

ಹೆಸರಿಗಿಂತ ಗಟ್ಟಿ ಆಧಾರ ಸೈನಿಕ ಸಂಖ್ಯೆ. ಪಿಂಚಣಿ ಕಾಗದ ಇಲ್ಲವಾದರೆ ಪದಕಗಳನ್ನು ತಿರುಗಿಸಿ ನೋಡು. ಭಾರತದ ಪಡೆಗಳಿಗೆ ಕೊಟ್ಟವುಗಳಲ್ಲಿ ಸಂಖ್ಯೆ, ಹೆಸರು ಕೊರೆದಿರುವುದುಂಟು. ಹಬ್ಬಕ್ಕೆ ದೇವರ ಸಾಮಾನಿನ ಜೊತೆ ಅವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಅಕ್ಷರ ಸವೆಸಿದ ಮನೆಗಳು ಕಡಿಮೆಯಿಲ್ಲ. ಅಮ್ಮನಿಗೆ ಇವತ್ತೇ ಹೇಳು. ಸಂಸ್ಥಾನದ ಹಳೆಯ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ, ಅಲ್ಲಿಗೂ ಒಂದು ಅರ್ಜಿ ಹಾಕು. ಆಯೋಗದ ದಾಖಲೆಯಲ್ಲಿ ತಪ್ಪು ಕಂಡರೆ ತಿದ್ದುಪಡಿ ಕೇಳಬಹುದು, ಆದರೆ ಆ ಕಾಲದ ಕಾಗದ ತೋರಿಸಬೇಕು.

ಹೆಸರು ಸಿಕ್ಕಿದ ಪುಟದಲ್ಲೇ ಸ್ಥಾನದ ಗುರುತಿರುತ್ತದೆ: ಸಮಾಧಿಯಾದರೆ ಪ್ಲಾಟು, ಸಾಲು, ಸಂಖ್ಯೆ. ಬರೀ ಹೆಸರಾದರೆ ಕಾಲಂ, ಅಂದರೆ ಕಂಬದ ಸಂಖ್ಯೆ. ಇದನ್ನು ಬರೆದುಕೊಳ್ಳದೆ ಹೋದರೆ ಆ ಬಿಸಿಲಲ್ಲಿ ದಿನವೆಲ್ಲ ಸುತ್ತಬೇಕಾಗುತ್ತದೆ.

ಪೂಜೆಯ ವಿಷಯಕ್ಕೆ ಬರುತ್ತೇನೆ, ಕೋಪ ಮಾಡಿಕೊಳ್ಳಬೇಡ. ಕಲ್ಲಿಗೆ ಎಣ್ಣೆ, ಕುಂಕುಮ, ವಿಭೂತಿ ಯಾವುದೂ ಬೇಡ. ನಮ್ಮೂರ ಬಂಡೆಯಾದರೆ ತೊಳೆದರೆ ಹೋಗುತ್ತದೆ. ಇಂಥ ಸ್ಮಶಾನಗಳಲ್ಲಿ ಹೆಚ್ಚಾಗಿ ಬಳಸುವುದು ಸುಣ್ಣಕಲ್ಲಿನ ಜಾತಿಯದು, ಎಣ್ಣೆ ಹೀರಿದರೆ ಕಲೆ ಒಳಗಿಳಿಯುತ್ತದೆ. ಕರ್ಪೂರದ ಮಸಿಯೂ ಹಾಗೇ. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯಬೇಡ, ಬ್ರಷ್ ಹಾಕಿ ತಿಕ್ಕಬೇಡ. ಬಿಡಿಹೂ ಬುಡದಲ್ಲಿಟ್ಟು ಕೈಮುಗಿದರೆ ಸಾಕು. ಊರ ಮಣ್ಣು ಒಯ್ಯುವ ಆಸೆಯನ್ನೂ ಬಿಡು, ವಿಮಾನ ನಿಲ್ದಾಣದಲ್ಲಿ ಮಣ್ಣಿಗೆ ತಡೆ ಇರುತ್ತದೆ. ಕಂಬಗಳ ಮೇಲೆ ಚಾವಣಿ ಇರುವುದರಿಂದ ಬೆಳಕು ಸಾಲದು. ಫೋಟೊ ತೆಗೆಯುವಾಗ ಫ್ಲ್ಯಾಶ್ ಎದುರಿಂದ ಬಿದ್ದರೆ ಅಕ್ಷರ ಮಾಯ. ಇನ್ನೊಬ್ಬರ ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಒರಗಿಸಿದಂತೆ ಹಿಡಿಸು. ಕೊರೆತದಲ್ಲಿ ನೆರಳು ಬಿದ್ದು ಹೆಸರು ಎದ್ದು ನಿಲ್ಲುತ್ತದೆ.

ಎಣ್ಣೆ ದೀಪವೆಲ್ಲ ಊರಲ್ಲಿಟ್ಟುಕೋ. ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು, ಊರಲ್ಲೊಂದು ಕಲ್ಲು ನೆಡಿಸುವ ನಿನ್ನ ಯೋಚನೆ ನನಗೆ ಯಾತ್ರೆಗಿಂತ ಹಿಡಿಸಿತು. ಆಯೋಗದ ಸಮಾಧಿಕಲ್ಲಿನ ಮಾಮೂಲಿ ಅಳತೆ 2 ಅಡಿ 8 ಇಂಚು ಎತ್ತರ, 1 ಅಡಿ 3 ಇಂಚು ಅಗಲ, 3 ಇಂಚು ದಪ್ಪ. ಅದೇ ಅಳತೆ ಬೇಕಾದರೆ 4 ಅಡಿ ಉದ್ದದ ಗ್ರಾನೈಟ್ ಹೇಳು, 1 ಅಡಿ 4 ಇಂಚು ನೆಲದೊಳಗೆ. ತೂಕ 95 ಕೆಜಿ ಆಸುಪಾಸು ಬರುತ್ತದೆ, ಎತ್ತಲು ನಾಲ್ಕು ಆಳು ಬೇಕು. ನಿಮ್ಮದು ಎರೆಭೂಮಿ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಮೂರೇ ವರ್ಷಕ್ಕೆ ಕಲ್ಲು ವಾಲಿಸುತ್ತದೆ. ಗುಂಡಿ ಅಗಲವಾಗಿ ತೋಡಿಸಿ, ಎರೆಮಣ್ಣು ಪೂರ್ತಿ ತೆಗೆಸಿ, ಗರಸು ತುಂಬಿಸಿ ದಿಮ್ಮಸು ಹೊಡೆಸು, ಬುಡಕ್ಕೆ ಕಾಂಕ್ರೀಟ್. ಅಕ್ಷರ ಬಣ್ಣದಲ್ಲಿ ಬರೆಸಬೇಡ, ಕೊರೆಸು. ಕಲ್ಲುಕುಟಿಗನಿಗೆ ಬಾಯಲ್ಲಿ ಹೇಳದೆ ಕಾಗದದ ಮೇಲೆ ಬರೆದುಕೊಡು: ಕನ್ನಡದಲ್ಲಿ ಹೆಸರು, ಅದರ ಕೆಳಗೆ ಸೈನಿಕ ಸಂಖ್ಯೆ, ಪಡೆ, ಮಡಿದ ದಿನ, ಹಾಗೆಯೇ ಆಯೋಗದ ಪುಟದಲ್ಲಿರುವ ಇಂಗ್ಲಿಷ್ ಕಾಗುಣಿತ ತಪ್ಪಿದ್ದರೂ ಇದ್ದಂತೆಯೇ. ಮುಂದೆ ಮೊಮ್ಮಕ್ಕಳು ಹುಡುಕುವಾಗ ಆ ತಪ್ಪು ಕಾಗುಣಿತವೇ ಬೇಕಾಗುತ್ತದೆ.

ಸಂಖ್ಯೆ ಸಿಕ್ಕ ಕೂಡಲೇ ನನಗೂ ಕಳಿಸು, ದಹನದವರ ಪಟ್ಟಿ ನಾನು ನೋಡುತ್ತೇನೆ.

ನಿನ್ನ ಗೆಳೆಯ